ಕಣಗಳ ದ್ರವ್ಯರಾಶಿ: ಅನುವಾದವೋ ವಿಧಿಯೋ?

೧

ಗುಂಡ್ಲುಪೇಟೆಯಲ್ಲಿ ಕನ್ನಡ ಅಧ್ಯಾಪಕರಾಗಿರುವ ಮಿತ್ರರೊಬ್ಬರು ಚಾಮರಾಜನಗರಕ್ಕೆ ಬಂದಿದ್ದಾಗ ಒಂದು ವಾಕ್ಯವನ್ನು ನನ್ನ ಮುಂದಿಟ್ಟು, ಇದು ಸಾಧುವೋ ಅಸಾಧುವೋ ಹೇಳಬೇಕೆಂದು ಕೇಳಿದರು. ವಿಜ್ಞಾನವಿಷಯಕವಾದ ಕನ್ನಡ ಗದ್ಯವನ್ನು ಪಾಠ ಹೇಳುತ್ತಿದ್ದಾಗ ಅವರಿಗೆ ಎದುರಾದ ಆ ವಾಕ್ಯದ ತಾತ್ಪರ್ಯವು ಇಷ್ಟು: ಹಿಗ್ಸ್ ಕ್ಷೇತ್ರವು ಮೂಲಕಣಗಳಿಗೆ ದ್ರವ್ಯರಾಶಿಯನ್ನು ಕೊಡುವುದೆಂದು ಸಿದ್ಧವಾದುದರಿಂದ, ಕಣಗಳ ದ್ರವ್ಯರಾಶಿಗೆ ಕಾರಣವೇನೆಂಬ ಪ್ರಶ್ನೆಯು ಪರಿಹಾರವಾಯಿತು. ಕರ್ತೃ, ಕರ್ಮ, ಕ್ರಿಯಾಪದಗಳು ತಮ್ಮ ತಮ್ಮ ಸ್ಥಾನದಲ್ಲಿದ್ದುದರಿಂದ ವ್ಯಾಕರಣದೋಷವೇನೂ ಇದರಲ್ಲಿ ಕಾಣಲಿಲ್ಲ. ಆದರೆ ತರಗತಿಯಲ್ಲಿ ಒಬ್ಬ ಹುಡುಗಿಯು, ‘ಕೊಡುವ ಕ್ಷೇತ್ರವು ಒಂದೇ ಆಗಿದ್ದರೆ, ಒಂದು ಕಣಕ್ಕೆ ಅಷ್ಟು ಹೆಚ್ಚಾಗಿಯೂ ಇನ್ನೊಂದಕ್ಕೆ ಇಷ್ಟು ಕಡಮೆಯಾಗಿಯೂ ಕೊಟ್ಟದ್ದೇಕೆ?’ ಎಂದು ಕೇಳಿದಳಂತೆ. ಮಿತ್ರರು ಭೌತಶಾಸ್ತ್ರದ ಅಧ್ಯಾಪಕರನ್ನು ವಿಚಾರಿಸಲು, ಅದು ಈವರೆಗೆ ಯಾರಿಗೂ ತಿಳಿಯದೆಂಬ ಉತ್ತರ ಬಂದಿತು. ಯಾರಿಗೂ ತಿಳಿಯದ ವಿಷಯವು ಪರಿಹಾರವಾಯಿತೆಂದು ಹೇಳುವ ವಾಕ್ಯವು ಸಾಧುವಾಗುವುದು ಹೇಗೆ? ಈ ಲೇಖನಕ್ಕೆ ಇದೇ ನಿಮಿತ್ತ.

ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನಿಗೆ ಕಣಭೌತದಲ್ಲಿ ಅಧಿಕಾರವೇನೆಂಬ ಆಕ್ಷೇಪವು ಮೊದಲಲ್ಲಿಯೇ ಬರುವುದು ಸಹಜ. ಆ ಶಾಸ್ತ್ರದ ಗಣಿತವನ್ನು ಪರೀಕ್ಷಿಸುವ ಅಧಿಕಾರವು ನನಗಿಲ್ಲವೆಂದು ಒಪ್ಪಿಯೇ ಮುಂದುವರಿಯುತ್ತೇನೆ. ಆದರೆ ಶಾಸ್ತ್ರವು ಗಣಿತವನ್ನು ಬಿಟ್ಟು ಕನ್ನಡ ವಾಕ್ಯವಾಗಿ ನಮ್ಮ ತರಗತಿಗೆ ಬಂದಾಗ, ಆ ವಾಕ್ಯವು ಹೊಸದಾಗಿ ಏನನ್ನು ತಿಳಿಸುವುದು, ತಿಳಿದದ್ದನ್ನೇ ಎಷ್ಟು ತಿರುಗಿ ಹೇಳುವುದು, ಬರಿಯ ಸ್ತುತಿಯೆಷ್ಟು ಎಂಬುದನ್ನು ಬಿಡಿಸುವುದು ವಾಕ್ಯಶಾಸ್ತ್ರವನ್ನು ಓದಿದವರ ಕೆಲಸವೇ ಆಗಿದೆ. ಅಷ್ಟು ಮಾತ್ರವನ್ನು ಇಲ್ಲಿ ಮಾಡಲುದ್ಯುಕ್ತನಾಗಿದ್ದೇನೆ.

೨

ಮೊದಲು ವಸ್ತುಸ್ಥಿತಿಯನ್ನು ನೋಡಬೇಕು. ವಿಜ್ಞಾನಿಗಳು ಸ್ಟ್ಯಾಂಡರ್ಡ್ ಮಾಡೆಲ್ ಎಂದು ಕರೆಯುವ, ಕನ್ನಡದಲ್ಲಿ ಶಿಷ್ಟ ಮಾದರಿಯೆಂದು ವ್ಯವಹರಿಸುವ ಸಿದ್ಧಾಂತದಲ್ಲಿ, ದ್ರವ್ಯಕ್ಕೆ ಉಪಾದಾನವಾದ ಕಣಗಳಿಗೆ ಫರ್ಮಿಯಾನುಗಳೆಂದು ಹೆಸರು. ಅವುಗಳಲ್ಲಿ ಕ್ವಾರ್ಕುಗಳು ಆರು. ಎಲೆಕ್ಟ್ರಾನ್, ಮ್ಯೂಆನ್, ಟೌ ಎಂಬ ವಿದ್ಯುದಂಶವುಳ್ಳ ಕಣಗಳು ಮೂರು. ವಿದ್ಯುದಂಶವಿಲ್ಲದ ನ್ಯೂಟ್ರಿನೋಗಳು ಮೂರು. ಇವು ಮೂರು ತಲೆಮಾರುಗಳಾಗಿ ನಿಂತಿವೆ. ಒಂದು ತಲೆಮಾರಿನ ಕಣಕ್ಕೂ ಮುಂದಿನ ತಲೆಮಾರಿನ ಅದರ ಪ್ರತಿರೂಪಕ್ಕೂ ದ್ರವ್ಯರಾಶಿಯ ಹೊರತು ಬೇರೆ ಭೇದವಿಲ್ಲವೆಂದೇ ಹೇಳಬಹುದು. ೧೯೩೬ರಲ್ಲಿ ಆಂಡರ್ಸನ್ ಮತ್ತು ನೆಡರ್‌ಮೇಯರ್ ವಿಶ್ವಕಿರಣಗಳಲ್ಲಿ ಕಂಡ ಮ್ಯೂಆನ್ ಎಲ್ಲ ವಿಷಯಗಳಲ್ಲಿಯೂ ಎಲೆಕ್ಟ್ರಾನಿನ ಹಾಗೆಯೇ ಇದ್ದು, ಭಾರದಲ್ಲಿ ಮಾತ್ರ ಸುಮಾರು ೨೦೭ ಪಟ್ಟು ಹೆಚ್ಚು. ಲೋಕವ್ಯವಹಾರಕ್ಕೆ ಎಲೆಕ್ಟ್ರಾನೇ ಸಾಕಾಗಿರಲು ಇದೇಕೆ ಇದೆಯೆಂಬುದು ಅಂದು ಹುಟ್ಟಿದ ಪ್ರಶ್ನೆ. ಇಂದಿಗೂ ಅದು ಹಾಗೆಯೇ ನಿಂತಿದೆ.

ಈ ಭಾರಗಳ ತಾರತಮ್ಯವನ್ನು ಮನಸ್ಸಿಗೆ ತಂದುಕೊಳ್ಳಲು ಅಕ್ಕಸಾಲಿಗರ ಗುಲಗಂಜಿಯನ್ನು ಹಿಡಿಯೋಣ. ಎಲೆಕ್ಟ್ರಾನ್ ಒಂದು ಗುಲಗಂಜಿಯ ತೂಕವೆಂದರೆ, ಅಪ್ ಎಂಬ ಕ್ವಾರ್ಕು ನಾಲ್ಕು ಗುಲಗಂಜಿ, ಡೌನ್ ಒಂಬತ್ತು, ಸ್ಟ್ರೇಂಜ್ ಸುಮಾರು ೧೮೦, ಚಾರ್ಮ್ ಸುಮಾರು ೨,೫೦೦, ಬಾಟಮ್ ಸುಮಾರು ೮,೨೦೦. ಟೌ ಎಂಬುದು ಸುಮಾರು ೩,೪೮೦ ಗುಲಗಂಜಿ. ೧೯೯೫ರಲ್ಲಿ ಅಮೆರಿಕದ ಫರ್ಮಿಲ್ಯಾಬಿನಲ್ಲಿ ಕಂಡುಬಂದ ಟಾಪ್ ಕ್ವಾರ್ಕು ಸುಮಾರು ೩,೩೮,೦೦೦ ಗುಲಗಂಜಿ, ಎಂದರೆ ನಲವತ್ತು ಕಿಲೋಗ್ರಾಮಿನ ಒಂದು ಮೂಟೆ! ನ್ಯೂಟ್ರಿನೋಗಳಾದರೋ ಗುಲಗಂಜಿಯ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಮೆ. ಒಂದೇ ಕುಲದ ಕಣಗಳನ್ನು ತೂಗಲು ಅಕ್ಕಸಾಲಿಗನ ತಕ್ಕಡಿಯೂ ಸಾಲದು, ಮಂಡಿಯ ತಕ್ಕಡಿಯೂ ಸಾಲದು.

ಈ ಸಂಖ್ಯೆಗಳು ಹೇಗಿದ್ದರೇನೆಂದು ಉಪೇಕ್ಷಿಸುವಂತಿಲ್ಲ. ಡೌನ್ ಕ್ವಾರ್ಕು ಅಪ್ ಕ್ವಾರ್ಕಿಗಿಂತ ಸ್ವಲ್ಪ ಭಾರವಾಗಿರುವುದರಿಂದಲೇ ನ್ಯೂಟ್ರಾನು ಪ್ರೋಟಾನಿಗಿಂತ ತುಸು ಭಾರವಾಗಿ, ಪ್ರೋಟಾನು ಕೆಡದೆ ನಿಂತಿದೆ. ಈ ತಾರತಮ್ಯವು ಸಾಕಷ್ಟು ತಿರುಗುಮುರುಗಾಗಿದ್ದರೆ ಜಲಜನಕವೇ ಉಳಿಯುತ್ತಿರಲಿಲ್ಲ, ಜಲವೂ ಇರುತ್ತಿರಲಿಲ್ಲ. ಎಲೆಕ್ಟ್ರಾನಿನ ಭಾರವು ಬದಲಾದರೆ ಪರಮಾಣುಗಳ ಗಾತ್ರವೇ ಬದಲಾಗುವುದು. ಆದುದರಿಂದ ಆ ಹುಡುಗಿಯ ಪ್ರಶ್ನೆಯು ಸಣ್ಣದಲ್ಲ.

೩

ಇನ್ನು ಶಬ್ದವಿಚಾರ. ವೈಶೇಷಿಕರು ಗುರುತ್ವವೆಂಬುದನ್ನು ಒಂದು ಗುಣವೆಂದು ಎಣಿಸಿ, ಅದು ಪೃಥಿವೀಜಲಗಳಲ್ಲಿ ಮಾತ್ರ ಇರುವುದೆಂದೂ, ಇಂದ್ರಿಯಗೋಚರವಲ್ಲದೆ ಪತನದಿಂದ ಅನುಮೇಯವೆಂದೂ ಹೇಳಿದರು. ಇದನ್ನು ಹಿಡಿದು ಇಂದಿನ ದ್ರವ್ಯರಾಶಿಯನ್ನು ನಮ್ಮ ಪ್ರಾಚೀನರು ಬಲ್ಲವರಾಗಿದ್ದರೆಂದು ಕೆಲವರು ಸಂತೋಷಪಡುವರು. ಅದು ಯುಕ್ತವಲ್ಲ. ಗುರುತ್ವವು ಬೀಳುವಿಕೆಗೆ ಕಾರಣ. ದ್ರವ್ಯರಾಶಿಯು ವೇಗದ ಬದಲಾವಣೆಗೆ ವಸ್ತುವು ತೋರುವ ಪ್ರತಿರೋಧದ ಅಳತೆ. ಬೀಳಲು ಭೂಮಿಯೇ ಇಲ್ಲದ ಕಡೆಯಲ್ಲಿಯೂ ದ್ರವ್ಯರಾಶಿಯಿರುವುದು. ಶಬ್ದಸಾದೃಶ್ಯದಿಂದ ಅರ್ಥೈಕ್ಯವನ್ನು ಸಾಧಿಸುವುದು ನಮ್ಮ ಪೂರ್ವಾಚಾರ್ಯರಿಗೂ ಗೌರವವಲ್ಲ, ಇಂದಿನ ವಿಜ್ಞಾನಿಗಳಿಗೂ ಗೌರವವಲ್ಲ. ಪ್ರಾಚೀನರಿಂದ ನಮಗೆ ಇಲ್ಲಿ ದೊರೆಯುವ ಸಹಾಯವು ಪದಾರ್ಥಗಳ ಪಟ್ಟಿಯಿಂದ ಬರುವುದಲ್ಲ, ವಿಚಾರಕ್ರಮದಿಂದ ಬರುವುದು.

ಹಿಗ್ಸ್ ಕ್ಷೇತ್ರವನ್ನು ವರ್ಣಿಸುವ ಉಪಮಾನವನ್ನು ಆ ಕ್ರಮದಿಂದ ಪರೀಕ್ಷಿಸೋಣ. ೧೯೯೩ರಲ್ಲಿ ಬ್ರಿಟನ್ನಿನ ಮಂತ್ರಿ ವಾಲ್ಡ್‌ಗ್ರೇವ್ ಎಂಬವರು ಈ ಕ್ಷೇತ್ರವನ್ನು ಒಂದು ಪುಟದಲ್ಲಿ ತಿಳಿಸಬೇಕೆಂದು ವಿಜ್ಞಾನಿಗಳನ್ನು ಕೇಳಲು, ಡೇವಿಡ್ ಮಿಲ್ಲರ್ ಎಂಬ ವಿದ್ವಾಂಸರು ಜನ ತುಂಬಿದ ಕೂಟದಲ್ಲಿ ಪ್ರಸಿದ್ಧ ವ್ಯಕ್ತಿಯೊಬ್ಬರು ನಡೆದುಹೋಗುವ ದೃಷ್ಟಾಂತವನ್ನು ಕೊಟ್ಟರು. ನಮ್ಮ ಊರಿಗೆ ಒಪ್ಪುವಂತೆ ಅದನ್ನು ಹೇಳುವುದಾದರೆ, ಆಷಾಢದಲ್ಲಿ ಚಾಮರಾಜೇಶ್ವರನ ರಥೋತ್ಸವದ ದಿನ ರಥಬೀದಿಯಲ್ಲಿ ಅಪರಿಚಿತನೊಬ್ಬನು ಸಲೀಸಾಗಿ ಸಾಗಿಹೋಗುವನು. ಊರಿಗೆಲ್ಲ ಬೇಕಾದವನು ಬಂದರೆ ಜನರು ಸುತ್ತ ಮುತ್ತಿ, ಅವನ ಚಲನೆಯು ಭಾರವಾಗುವುದು. ಜನಸಮೂಹವೇ ಕ್ಷೇತ್ರ, ನಡೆಯುವವನೇ ಕಣ, ಮುತ್ತಿಗೆಯೇ ದ್ರವ್ಯರಾಶಿ.

ಉಪಮಾನವು ರಮ್ಯವಾಗಿದೆಯಾದರೂ ಇದರಲ್ಲಿ ಎರಡು ದೋಷಗಳಿವೆ. ಜನಸಮೂಹವು ನಡೆಯುವವನನ್ನು ನಿಲ್ಲಿಸಿಬಿಡುವುದು. ಹಿಗ್ಸ್ ಕ್ಷೇತ್ರವು ಸಮವೇಗದಿಂದ ಚಲಿಸುವ ಕಣವನ್ನು ನಿಲ್ಲಿಸುವುದಿಲ್ಲ. ಎಂದರೆ ಸಾಧಾರಣಧರ್ಮವೆಂದು ತೋರಿಸಿದ ನಿರೋಧವು ಉಪಮೇಯದಲ್ಲಿ ಇಲ್ಲ. ಇದು ಮೊದಲನೆಯದು. ಎರಡನೆಯದು ಇನ್ನೂ ಗಹನವಾದುದು. ಒಬ್ಬನ ಸುತ್ತ ಹೆಚ್ಚು ಜನ, ಇನ್ನೊಬ್ಬನ ಸುತ್ತ ಕಡಮೆ ಜನ ಸೇರಿದ್ದೇಕೆ? ಕೀರ್ತಿಯ ತಾರತಮ್ಯದಿಂದ. ಆ ಕೀರ್ತಿಯ ತಾರತಮ್ಯವು ನಮಗೆ ತಿಳಿದದ್ದು ಹೇಗೆ? ಸೇರಿದ ಜನರನ್ನು ಎಣಿಸಿ. ಇದು ಅನ್ಯೋನ್ಯಾಶ್ರಯವೆಂಬುದನ್ನು ನ್ಯಾಯಶಾಸ್ತ್ರದ ಮೊದಲ ಪಾಠವನ್ನು ಓದಿದವನೂ ಬಲ್ಲನು. ಇಲ್ಲಿ ಸ್ವಾರಸ್ಯವೇನೆಂದರೆ, ಈ ಎರಡನೆಯ ದೋಷವು ಉಪಮಾನದ್ದು ಮಾತ್ರವಲ್ಲ. ಉಪಮೇಯವಾದ ಸಿದ್ಧಾಂತದಲ್ಲಿಯೂ ಅದು ಹಾಗೆಯೇ ಇದೆ. ಶಿಷ್ಟ ಮಾದರಿಯಲ್ಲಿ ಪ್ರತಿಯೊಂದು ಕಣಕ್ಕೂ ಹಿಗ್ಸ್ ಕ್ಷೇತ್ರದೊಡನೆ ಇರುವ ಸಂಬಂಧದ ಬಲವನ್ನು ತಿಳಿಸುವ ಒಂದೊಂದು ಸಂಖ್ಯೆಯಿದೆ. ಅದಕ್ಕೆ ಯುಕಾವಾ ಗುಣಾಂಕವೆಂದು ಹೆಸರು. ಗುಣಾಂಕವು ದೊಡ್ಡದಾದುದರಿಂದ ಕಣವು ಭಾರವಾಯಿತು. ಕಣವು ಇಷ್ಟು ಭಾರವೆಂದು ಅಳೆದುದರಿಂದ ಗುಣಾಂಕವು ಇಷ್ಟೆಂದು ತಿಳಿಯಿತು.

ಮತ್ತೊಂದು ಅತಿವ್ಯಾಪ್ತಿಯನ್ನೂ ಇಲ್ಲಿಯೇ ತೋರಿಸಬೇಕು. ನಮ್ಮ ದೇಹದ ಭಾರವೆಲ್ಲವೂ ಹಿಗ್ಸ್ ಕ್ಷೇತ್ರದಿಂದ ಬಂದುದೆಂದು ಬರೆಯುವ ರೂಢಿಯಿದೆ. ಪ್ರೋಟಾನು ನ್ಯೂಟ್ರಾನುಗಳ ದ್ರವ್ಯರಾಶಿಯಲ್ಲಿ ಕ್ವಾರ್ಕುಗಳ ಸ್ವಂತ ಭಾರದಿಂದ ನೇರವಾಗಿ ಬರುವ ಪಾಲು ಶೇಕಡ ೧ರಷ್ಟು ಮಾತ್ರ. ಮಿಕ್ಕುದೆಲ್ಲವೂ ಅವುಗಳನ್ನು ಬಂಧಿಸಿರುವ ಪ್ರಬಲ ಬಲದ ಶಕ್ತಿಯಿಂದ ಆದುದು.

೪

ವಾಕ್ಯಗಳನ್ನು ತೂಗಲು ಮೀಮಾಂಸಕರು ಮೂರು ವಿಭಾಗಗಳನ್ನು ಮಾಡಿರುವರು. ಬೇರೆ ಪ್ರಮಾಣದಿಂದ ತಿಳಿಯದ ಅರ್ಥವನ್ನು ತಿಳಿಸುವುದು ವಿಧಿ. ಬೇರೆ ಪ್ರಮಾಣದಿಂದ ತಿಳಿದುದನ್ನೇ ತಿರುಗಿ ಹೇಳುವುದು ಅನುವಾದ. ವಿಧಿಯಲ್ಲಿ ರುಚಿ ಹುಟ್ಟಿಸಲು ಮಾಡುವ ಸ್ತುತಿಯೇ ಮೊದಲಾದುದು ಅರ್ಥವಾದ. ಬೆಂಕಿಯು ಚಳಿಯನ್ನು ಕಳೆಯುವುದೆಂಬುದು ಎಲ್ಲರಿಗೂ ತಿಳಿದದ್ದು. ಅದನ್ನು ಹೇಳುವ ವಾಕ್ಯವು ಸುಳ್ಳಲ್ಲ, ಆದರೆ ಅದರಿಂದ ಹೊಸ ತಿಳಿವಳಿಕೆಯಿಲ್ಲ. ಅರ್ಥವಾದಕ್ಕೂ ಸ್ವತಂತ್ರವಾದ ಪ್ರಾಮಾಣ್ಯವಿಲ್ಲ. ಒಂದು ವಿಧಿಯೊಡನೆ ಏಕವಾಕ್ಯತೆಯನ್ನು ಪಡೆದಾಗಲೇ ಅದು ಸಾರ್ಥಕ.

ವಿಧಿಯು ಕರ್ತವ್ಯವನ್ನು ಕುರಿತದ್ದು, ಭೌತಶಾಸ್ತ್ರವು ಸಿದ್ಧವಸ್ತುವನ್ನು ಕುರಿತದ್ದು. ಈ ವಿಭಾಗವನ್ನು ಅಲ್ಲಿಗೆ ಒಯ್ಯುವುದು ಸರಿಯೇ ಎಂದು ಮೀಮಾಂಸಕರೇ ಆಕ್ಷೇಪಿಸಬಹುದು. ನಿಯೋಗಾಂಶವನ್ನು ಬಿಟ್ಟು, ತಿಳಿಯದುದನ್ನು ತಿಳಿಸುವ ಅಂಶವನ್ನು ಮಾತ್ರ ಇಲ್ಲಿ ತೆಗೆದುಕೊಳ್ಳುತ್ತೇನೆ. ಅಷ್ಟಕ್ಕೆ ಬಾಧಕವಿಲ್ಲ.

ಈಗ ಶಿಷ್ಟ ಮಾದರಿಯನ್ನು ನೋಡಿದರೆ, ಅದರಲ್ಲಿ ವಿಧಿಯೂ ಇದೆ, ಅನುವಾದವೂ ಇದೆ. ಹಿಗ್ಸ್ ಕಣವು ಇರಬೇಕೆಂಬುದು ವಿಧಿ; ಅದು ೨೦೧೨ನೆಯ ಜುಲೈ ೪ರಂದು ಜಿನೀವಾ ಬಳಿಯ ಸರ್ನ್ ಸಂಸ್ಥೆಯಿಂದ ಪ್ರಕಟವಾದ ಪ್ರಯೋಗಫಲದಿಂದ ಸಿದ್ಧವಾಯಿತು. ಆ ಕಣವು ಭಾರವಾದ ಫರ್ಮಿಯಾನುಗಳೊಡನೆ ಅವುಗಳ ಭಾರಕ್ಕೆ ತಕ್ಕಂತೆ ಹೆಚ್ಚು ಸಂಬಂಧವುಳ್ಳದ್ದಾಗಿರಬೇಕೆಂಬುದೂ ವಿಧಿಯೇ. ಹಿಗ್ಸ್ ಕಣವು ಬಾಟಮ್ ಕ್ವಾರ್ಕುಗಳಾಗಿ ಒಡೆಯುವುದು ೨೦೧೮ರಲ್ಲಿ ಕಂಡಿತು; ಮ್ಯೂಆನುಗಳಾಗಿ ಒಡೆಯುವ ಕುರುಹು ೨೦೨೦ರಲ್ಲಿ ದೊರೆಯಿತು. ಅಷ್ಟರ ಮಟ್ಟಿಗೆ, ಕ್ಷೇತ್ರವು ದ್ರವ್ಯರಾಶಿಯನ್ನು ಕೊಡುವುದೆಂಬ ಕ್ರಿಯಾಪದವು ಸಾಧುವಾದುದೇ ಸರಿ. ಆದರೆ ಯಾವ ಕಣಕ್ಕೆ ಎಷ್ಟು ಎಂಬ ವಿಷಯದಲ್ಲಿ ಆ ಮಾದರಿಯು ಅಳೆದು ತಿಳಿದ ಸಂಖ್ಯೆಗಳನ್ನು ತಂದು ತಿರುಗಿ ಒಪ್ಪಿಸುವುದೇ ಹೊರತು ಬೇರೇನನ್ನೂ ಮಾಡುವುದಿಲ್ಲ. ನ್ಯೂಟ್ರಿನೋಗಳನ್ನು ಬಿಟ್ಟು ಎಣಿಸಿದರೆ ಅದರಲ್ಲಿ ಹೊರಗಿನಿಂದ ತುಂಬಬೇಕಾದ ಸಂಖ್ಯೆಗಳು ೧೯. ಅವುಗಳಲ್ಲಿ ೧೩, ಎಂದರೆ ಒಂಬತ್ತು ದ್ರವ್ಯರಾಶಿಗಳೂ ಕ್ವಾರ್ಕುಗಳ ಮಿಶ್ರಣವನ್ನು ಹೇಳುವ ನಾಲ್ಕು ಸಂಖ್ಯೆಗಳೂ, ಈ ಅನುವಾದಭಾಗಕ್ಕೆ ಸೇರಿದುವು. ಕೊಟ್ಟಿತೆಂಬುದು ಸಿದ್ಧ, ಇಷ್ಟೇ ಏಕೆಂಬುದು ಅಸಿದ್ಧ. ಮಿತ್ರರು ತಂದ ವಾಕ್ಯದ ದೋಷವು ಈ ಎರಡನ್ನೂ ಒಂದೇ ಮಾಡಿದುದರಲ್ಲಿದೆ.

೫

ಈ ಅನುವಾದವನ್ನು ವಿಧಿಯಾಗಿ ಮಾಡಬೇಕೆಂದು ಐವತ್ತು ವರ್ಷಗಳಿಂದ ವಿದ್ವಾಂಸರು ಅನೇಕ ಮಾದರಿಗಳನ್ನು ರಚಿಸಿರುವರು. ಅವುಗಳೆಲ್ಲದರ ಗಣನೆಯು ಇಲ್ಲಿ ಅಸಾಧ್ಯ; ಬಗೆಗೊಂದರಂತೆ ಕೆಲವನ್ನು ವಿಮರ್ಶಿಸುತ್ತೇನೆ.

೧೯೭೪ರಲ್ಲಿ ಜಾರ್ಜಿ ಮತ್ತು ಗ್ಲಾಷೋ ಪ್ರಕಟಿಸಿದ ಎಸ್‌ಯು(೫) ಎಂಬ ಮಹಾಏಕೀಕರಣ ಸಿದ್ಧಾಂತವು ಕ್ವಾರ್ಕುಗಳನ್ನೂ ಲೆಪ್ಟಾನುಗಳನ್ನೂ ಒಂದೇ ಕುಟುಂಬಕ್ಕೆ ಸೇರಿಸಿತು. ಅದರ ಸರಳರೂಪದಲ್ಲಿ, ಅತ್ಯುನ್ನತ ಶಕ್ತಿಯ ದೆಸೆಯಲ್ಲಿ ಬಾಟಮ್ ಕ್ವಾರ್ಕಿನ ಭಾರವೂ ಟೌವಿನ ಭಾರವೂ ಸಮವಾಗಿರಬೇಕು. ಶಕ್ತಿಯು ಇಳಿದಂತೆ ಕ್ವಾರ್ಕಿನ ಭಾರವು ಪ್ರಬಲ ಬಲದ ದೆಸೆಯಿಂದ ಏರುವುದೆಂದು ಲೆಕ್ಕಹಾಕಿದರೆ, ಇದು ಅನುಭವಕ್ಕೆ ಸಮೀಪವಾಗಿ ಬರುವುದು. ಆದರೆ ಅದೇ ನಿಯಮವು ಸ್ಟ್ರೇಂಜಿಗೂ ಮ್ಯೂಆನಿಗೂ, ಡೌನಿಗೂ ಎಲೆಕ್ಟ್ರಾನಿಗೂ ಅನ್ವಯಿಸುವುದರಿಂದ, ಸ್ಟ್ರೇಂಜ್ ಡೌನಿನ ೨೦೭ ಪಟ್ಟು ಇರಬೇಕಾಗುವುದು. ಇರುವುದು ಸುಮಾರು ೨೦ ಪಟ್ಟು. ೧೯೭೯ರಲ್ಲಿ ಜಾರ್ಜಿ ಮತ್ತು ಯಾರ್ಲ್‌ಸ್ಕೋಗ್ ಇದಕ್ಕೆ ಒಂದು ಪರಿಹಾರವನ್ನು ಕಂಡರು. ಸಮಮಿತಿಯ ರಚನೆಯಿಂದಲೇ ಬರುವ ಮೂರು ಎಂಬ ಸಂಖ್ಯೆಯಿಂದ, ಆ ಉನ್ನತ ದೆಸೆಯಲ್ಲಿ ಮ್ಯೂಆನು ಸ್ಟ್ರೇಂಜಿನ ಮೂರು ಪಟ್ಟಾಗಿಯೂ ಎಲೆಕ್ಟ್ರಾನು ಡೌನಿನ ಮೂರನೆಯ ಒಂದು ಪಾಲಾಗಿಯೂ ಇರುವಂತಾಗಲು, ೨೦೭ನ್ನು ೯ರಿಂದ ಭಾಗಿಸಿ ೨೩ ಬರುವುದು. ಅಳತೆಗೆ ಇದು ಹತ್ತಿರ.

ಇದು ತಿಳಿದದ್ದನ್ನೇ ಹೇಳಿದ ಅನುವಾದವಲ್ಲವೇ ಎಂದರೆ, ಹೌದು. ಆದರೆ ಲಾಘವವುಳ್ಳ ಅನುವಾದ. ವೈಯಾಕರಣರು ಶಿಷ್ಟಪ್ರಯೋಗವನ್ನೇ ಅನುವದಿಸುವರಾದರೂ ಅರ್ಧಮಾತ್ರೆಯ ಉಳಿತಾಯಕ್ಕೂ ಹಿಗ್ಗುವರೆಂಬುದು ವಿದ್ವಾಂಸರಿಗೆ ಹೊಸದಲ್ಲ. ಆರು ಸಂಖ್ಯೆಗಳ ಕೆಲಸವನ್ನು ಮೂರು ಸಂಖ್ಯೆಗಳೂ ಒಂದು ನಿಯಮವೂ ಮಾಡಿದರೆ ಅದು ಸಂಪಾದನೆಯೇ. ಕಲ್ಪಿಸಿದ ಸಂಖ್ಯೆಗಳು ವಿವರಿಸಬೇಕಾದ ಸಂಖ್ಯೆಗಳಷ್ಟೇ ಇದ್ದರೆ, ಅಥವಾ ಹೆಚ್ಚಾಗಿದ್ದರೆ, ಅಲ್ಲಿ ಕಲ್ಪನಾಗೌರವದ ಹೊರತು ಬೇರೆ ಲಾಭವಿಲ್ಲ.

೧೯೭೯ರಲ್ಲಿಯೇ ಫ್ರಾಗಟ್ ಮತ್ತು ನೀಲ್ಸನ್ ಬೇರೊಂದು ದಾರಿಯನ್ನು ಹಿಡಿದರು. ಒಂದು ಚಿಕ್ಕ ಸಂಖ್ಯೆಯು, ಸುಮಾರು ಐದರಲ್ಲಿ ಒಂದು ಪಾಲೆನ್ನೋಣ, ಒಂದು ಕಣಕ್ಕೆ ಒಮ್ಮೆ, ಇನ್ನೊಂದಕ್ಕೆ ಎರಡು ಸಲ, ಮತ್ತೊಂದಕ್ಕೆ ಎಂಟು ಸಲ ಗುಣಿಸಲ್ಪಡುವುದಾದರೆ, ಭಾರಗಳಲ್ಲಿ ಲಕ್ಷಪಟ್ಟು ಅಂತರವು ತಾನಾಗಿ ಬರುವುದು. ಎಷ್ಟು ಸಲ ಎಂಬುದು ಕಣದ ಒಂದು ಗುಣದಿಂದ ನಿಯತವಾಗುವುದು. ಅಂತರವೇಕೆ ಇಷ್ಟು ದೊಡ್ಡದೆಂಬುದಕ್ಕೆ ಇದು ಮನೋಹರವಾದ ಉಪಪತ್ತಿ. ಆದರೆ ಪ್ರತಿಯೊಂದು ಭಾರದ ಮುಂದೆಯೂ ಒಂದಕ್ಕೆ ಸಮೀಪವಾದ ಒಂದೊಂದು ಅಜ್ಞಾತ ಸಂಖ್ಯೆಯು ಉಳಿದೇ ಇರುವುದರಿಂದ, ಖಂಡಿತವಾದ ವಿಧಿಯು ಇದರಿಂದ ಹೊರಡುವುದಿಲ್ಲ.

ಇದಕ್ಕೆ ತದ್ವಿರುದ್ಧವಾದುದು ಜಪಾನಿನ ಕೊಯಿಡೆಯವರು ೧೯೮೦ರ ದಶಕದ ಆದಿಯಲ್ಲಿ ಕಂಡ ಸಂಬಂಧ. ಎಲೆಕ್ಟ್ರಾನ್, ಮ್ಯೂಆನ್, ಟೌಗಳ ಭಾರಗಳ ಮೊತ್ತವನ್ನು, ಅವುಗಳ ವರ್ಗಮೂಲಗಳ ಮೊತ್ತದ ವರ್ಗದಿಂದ ಭಾಗಿಸಿದರೆ ಮೂರರಲ್ಲಿ ಎರಡು ಪಾಲು ಬರುವುದು. ಆಗ ಟೌವಿನ ಅಳತೆಯು ೧೭೮೪ರ ಆಸುಪಾಸಿನಲ್ಲಿತ್ತು. ಸೂತ್ರವು ಹೇಳಿದ್ದು ೧೭೭೭. ೧೯೯೨ರಲ್ಲಿ ಬೀಜಿಂಗಿನಲ್ಲಿ ನಡೆದ ಸೂಕ್ಷ್ಮಪ್ರಯೋಗದಿಂದ ೧೭೭೭ರ ಸಮೀಪವೇ ಬಂದಿತು. ಮುಂಚಿತವಾಗಿ ಹೇಳಿ ನಿಜವಾದ ಮಾತು ಇದು. ಆದರೆ ಹಾಗೇಕೆ ಇರಬೇಕೆಂಬುದಕ್ಕೆ ಸರ್ವಸಮ್ಮತವಾದ ಉಪಪತ್ತಿಯಿಲ್ಲ. ಹುಳು ಕೊರೆದ ಮರದಲ್ಲಿ ಅಕ್ಷರವು ಕಂಡಂತೆ ಇದು ಘುಣಾಕ್ಷರನ್ಯಾಯವೋ, ಅಥವಾ ನಮಗೆ ಓದಲು ಬಾರದ ನಿಜವಾದ ಲಿಪಿಯೋ, ನಿರ್ಣಯಿಸಲು ಸಾಧನವಿಲ್ಲ. ಒಂದು ಕಡೆ ವಿಧಿಯಿಲ್ಲದ ಉಪಪತ್ತಿ. ಇನ್ನೊಂದು ಕಡೆ ಉಪಪತ್ತಿಯಿಲ್ಲದ ವಿಧಿ.

ನ್ಯೂಟ್ರಿನೋಗಳಿಗೆ ಭಾರವಿದೆಯೆಂಬುದು ೧೯೯೮ರಲ್ಲಿ ಜಪಾನಿನ ಸೂಪರ್ ಕಾಮಿಯೋಕಾಂಡೆ ಪ್ರಯೋಗದಿಂದ ತಿಳಿದ ಮೇಲೆ ಮಾದರಿಗಳ ಸಂಖ್ಯೆಯು ಬಹಳವಾಗಿ ಬೆಳೆಯಿತು. ಅವು ಅಷ್ಟು ಹಗುರವಾಗಿರುವುದೇಕೆಂಬುದಕ್ಕೆ ೧೯೭೭ರಿಂದ ೧೯೮೦ರೊಳಗೆ ಮಿಂಕೋವ್‌ಸ್ಕಿ, ಯಾನಾಗಿಡಾ, ಗೆಲ್‌ಮನ್, ಒಡಿಶಾದ ರವೀಂದ್ರನಾಥ ಮಹಾಪಾತ್ರ ಮೊದಲಾದವರು ಒಂದು ಯುಕ್ತಿಯನ್ನು ಕಂಡಿದ್ದರು. ಬಾವಿಯ ಏತದಲ್ಲಿ ಒಂದು ತುದಿಯು ಭಾರದಿಂದ ಕೆಳಗಿಳಿದಷ್ಟೂ ಇನ್ನೊಂದು ತುದಿಯು ಮೇಲೇರುವಂತೆ, ಕಾಣದ ಜತೆಗಾರನೊಬ್ಬನು ಅತಿಭಾರವಾಗಿರುವುದರಿಂದ ನ್ಯೂಟ್ರಿನೋ ಅತಿಲಘುವಾಯಿತೆಂಬುದು ಅದರ ಸಾರ. ಇದರಲ್ಲಿ ವಿಧಿಯೂ ಇದೆ: ನ್ಯೂ­ಟ್ರಿನೋವಿಗೆ ತಾನೇ ಪ್ರತಿಕಣವಾಗಿರಬೇಕು. ಅದನ್ನು ತೋರಿಸಬಲ್ಲ ಪರಮಾಣುಕ್ಷಯವು ಈವರೆಗೆ ಕಂಡಿಲ್ಲ. ನ್ಯೂಟ್ರಿನೋಗಳ ಮಿಶ್ರಣವನ್ನು ವಿವರಿಸಲು, ನಾಲ್ಕು ತ್ರಿಕೋನಮುಖಗಳ ಘನಾಕೃತಿಯ ಸಮಮಿತಿಯಾದ ಎ೪ ಎಂಬುದನ್ನು ೨೦೦೧ರಲ್ಲಿ ಅರ್ನೆಸ್ಟ್ ಮಾ ಮತ್ತು ಚೆನ್ನೈಯ ಜಿ. ರಾಜಶೇಖರನ್ ಬಳಕೆಗೆ ತಂದರು. ಮುಂದೆ ಅದರಿಂದ ಹೊರಟ ಅಂದವಾದ ಮಾದರಿಗಳಲ್ಲಿ ಹಲವು, ಮಿಶ್ರಣದ ಒಂದು ಕೋನವು ಸೊನ್ನೆಯಾಗಿರಬೇಕೆಂದು ವಿಧಿಸಿದುವು. ೨೦೧೨ರಲ್ಲಿ ಚೀನದ ದಯಾ ಬೇ ಪ್ರಯೋಗವು ಅದನ್ನು ಅಳೆದಾಗ ಕೋನವು ೮ರಿಂದ ೯ ಡಿಗ್ರಿಯ ನಡುವೆ ಇತ್ತು. ವಿಧಿಯು ಬಾಧಿತವಾಯಿತು. ಇದರಿಂದ ಆ ಮಾದರಿಗಳಿಗೆ ಅವಮಾನವಿಲ್ಲ. ಬಾಧಿತವಾಗಬಲ್ಲ ಮಾತನ್ನು ಆಡಿದುದೇ ಅವುಗಳ ಗೌರವ. ಖೇದವಾಗುವುದು ತರುವಾಯದ ಒಂದು ಪ್ರವೃತ್ತಿಯನ್ನು ಕಂಡು. ಆ ಕೋನವು ತಿಳಿದ ಮೇಲೆ ಹೊಸ ಸಂಖ್ಯೆಯೊಂದನ್ನು ಸೇರಿಸಿ, ಮಾದರಿಯು ಅದನ್ನು ವಿವರಿಸುವುದೆಂದು ಬರೆದ ಪ್ರಬಂಧಗಳು ಬಹುಸಂಖ್ಯಾಕವಾಗಿವೆ. ಅದು ವಿಧಿಯ ವೇಷವನ್ನು ತೊಟ್ಟ ಅನುವಾದ.

೬

ಸೌಂದರ್ಯವೇ ಸತ್ಯಕ್ಕೆ ಸಾಕ್ಷಿಯೆಂದು ಹೇಳುವವರೂ ಇರುವರು. ಆ ಮಾತನ್ನು ಪರೀಕ್ಷಿಸಿದ ಸ್ಥಳಗಳಲ್ಲಿ ಒಂದು ಕನ್ನಡ ನಾಡಿನಲ್ಲಿಯೇ, ಕೋಲಾರದ ಚಿನ್ನದ ಗಣಿಯಲ್ಲಿದೆಯೆಂಬುದನ್ನು ನಮ್ಮ ಅಧ್ಯಾಪಕರು ಅರಿತಿರಬೇಕು. ಆ ಕಾರ್ಯಕ್ಕೆ ಮೊದಲಿಟ್ಟವರಲ್ಲಿ ಒಬ್ಬರಾದ ಬಿ. ವಿ. ಶ್ರೀಕಂಠನ್ ಅವರು, ಮೈಸೂರಿನಿಂದ ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ಬರುವ ದಾರಿಗಳು ಕವಲೊಡೆಯುವ ನಂಜನಗೂಡಿನಲ್ಲಿ ೧೯೨೫ರಲ್ಲಿ ಹುಟ್ಟಿದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿ, ೧೯೫೧ರಲ್ಲಿ ಹೋಮಿ ಭಾಭಾ ಅವರ ಪ್ರೇರಣೆಯಿಂದ ಗಣಿಯೊಳಗಿಳಿದು ಬೇರೆ ಬೇರೆ ಆಳಗಳಲ್ಲಿ ಮ್ಯೂಆನುಗಳನ್ನು ಎಣಿಸಿದರು. ಆಳಕ್ಕೆ ಇಳಿದಂತೆ ಮ್ಯೂಆನುಗಳು ಬಂಡೆಯಲ್ಲಿ ಉಡುಗುತ್ತ ಬರುವುದರಿಂದ, ಬೇರೆ ಯಾವ ಕಣವೂ ತಲುಪದ ನಿಶ್ಶಬ್ದತೆಯಲ್ಲಿ ಅಪರೂಪದ ಸಂಗತಿಗಳನ್ನು ಕಾದು ನೋಡಬಹುದು. ಹೀಗೆ ಸುಮಾರು ೨.೩ ಕಿಲೋಮೀಟರು ಆಳದಲ್ಲಿ, ಟಾಟಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯಗಳ ವಿದ್ವಾಂಸರು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಕುರುಹನ್ನು ಕಂಡು ೧೯೬೫ರ ಆಗಸ್ಟಿನಲ್ಲಿ ಪ್ರಕಟಿಸಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿಯೂ ಅವು ಕಂಡುವು.

ಮೇಲೆ ಹೇಳಿದ ಎಸ್‌ಯು(೫) ಸಿದ್ಧಾಂತದಿಂದ ಹೊರಡುವ ಒಂದು ವಿಧಿಯು ಭಯಂಕರವಾದುದು: ಪ್ರೋಟಾನು ನಿತ್ಯವಲ್ಲ, ಅದು ಕ್ಷಯಿಸಬೇಕು. ಅದರ ಆಯುಸ್ಸು ವರ್ಷಗಳಲ್ಲಿ ೧೦ರ ೩೦ನೆಯ ಘಾತದ ಆಸುಪಾಸಿನಲ್ಲಿರಬೇಕೆಂದು ಲೆಕ್ಕವಾಗಿತ್ತು. ಒಂದು ಪ್ರೋಟಾನನ್ನು ಅಷ್ಟು ವರ್ಷ ಕಾಯುವುದಕ್ಕೆ ಬದಲಾಗಿ ಅಷ್ಟು ಕಣಗಳನ್ನು ಒಂದು ವರ್ಷ ಕಾದರೆ ಒಂದಾದರೂ ಕ್ಷಯಿಸುವುದು ಕಾಣಬೇಕು. ೧೯೮೦ರಲ್ಲಿ ಕೋಲಾರದ ಗಣಿಯಲ್ಲಿ ಸುಮಾರು ೧೪೦ ಟನ್ ಕಬ್ಬಿಣವನ್ನು ಪದರ ಪದರವಾಗಿ ಜೋಡಿಸಿ ಭಾರತ ಮತ್ತು ಜಪಾನಿನ ವಿದ್ವಾಂಸರು ಕಾದು ಕುಳಿತರು. ಈ ಕಾರ್ಯಕ್ಕೆಂದೇ ಕಟ್ಟಿದ ಯಂತ್ರಗಳಲ್ಲಿ ಮೊದಲು ಕೆಲಸಕ್ಕೆ ತೊಡಗಿದ್ದು ಇದೇ. ೧೯೮೧ರಿಂದ ಕೆಲವು ಘಟನೆಗಳನ್ನು ಅವರು ಕ್ಷಯದ ಸಂಭಾವ್ಯ ಉದಾಹರಣೆಗಳೆಂದು ಪ್ರಕಟಿಸಿದರು. ಆದರೆ ಅಮೆರಿಕದ ಉಪ್ಪಿನ ಗಣಿಯೊಂದರಲ್ಲಿ ಸುಮಾರು ೮,೦೦೦ ಟನ್ ನೀರನ್ನು ತುಂಬಿ ಕಾದ ಪ್ರಯೋಗದಲ್ಲಿಯೂ ಜಪಾನಿನ ಕಾಮಿಯೋಕಾದಲ್ಲಿಯೂ ಅದು ಕಾಣಲಿಲ್ಲ. ಎಸ್‌ಯು(೫)ರ ಸರಳರೂಪವು ಬಿದ್ದುಹೋಯಿತು. ಅದು ಪಾಸಿಟ್ರಾನು ಮತ್ತು ಪಯಾನುಗಳಾಗಿ ಒಡೆಯಬೇಕೆಂದು ಹೇಳಿದ ದಾರಿಯಲ್ಲಿ ಪ್ರೋಟಾನಿನ ಆಯುಸ್ಸು ೧೦ರ ೩೪ನೆಯ ಘಾತದ ಎರಡು ಪಟ್ಟಿಗಿಂತಲೂ ಹೆಚ್ಚೆಂದು ಸೂಪರ್ ಕಾಮಿಯೋಕಾಂಡೆಯು ೨೦೨೦ರಲ್ಲಿ ತಿಳಿಸಿತು. ಕೋಲಾರದ ಭೂಗರ್ಭ ಪ್ರಯೋಗಶಾಲೆಯು ೧೯೯೦ರ ದಶಕದ ಆದಿಯಲ್ಲಿ ನಿಂತಿತು. ಗಣಿಯೇ ೨೦೦೧ರಲ್ಲಿ ಮುಚ್ಚಿತು.

ಎಸ್‌ಯು(೫)ಕ್ಕಿಂತ ಅಂದವಾದ ಸಿದ್ಧಾಂತವು ಆ ಕಾಲದಲ್ಲಿರಲಿಲ್ಲವೆಂದು ಬಲ್ಲವರು ಹೇಳುವರು. ಪ್ರೋಟಾನಿನ ವಿದ್ಯುದಂಶವೂ ಎಲೆಕ್ಟ್ರಾನಿನ ವಿದ್ಯುದಂಶವೂ ಸರಿಸಮವಾಗಿರುವುದೇಕೆಂಬುದಕ್ಕೂ ಅದು ಉತ್ತರವನ್ನು ಕೊಟ್ಟಿತ್ತು. ಆದರೂ ಆ ಅಂದವು ಅರ್ಥವಾದವಾಗಿತ್ತು. ವಿಧಿಯು ಬಾಧಿತವಾದಾಗ ಅರ್ಥವಾದವು ಅದನ್ನು ಕಾಪಾಡಲಾರದೆ ಹೋಯಿತು.

೭

ಕೋಲಾರದ ಪರಂಪರೆಯನ್ನು ಮುಂದುವರಿಸಬೇಕೆಂದು ಭಾರತದ ನ್ಯೂಟ್ರಿನೋ ವೀಕ್ಷಣಾಲಯಕ್ಕೆ ಮೊದಲು ಆರಿಸಿದ ಸ್ಥಳವು ನೀಲಗಿರಿಯ ಸಿಂಗಾರ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ದಾಟಿದರೆ ಬರುವ ಮುದುಮಲೆಯ ಅಂಚಿನಲ್ಲಿ ಅದಿದೆ. ಐವತ್ತು ಸಾವಿರ ಟನ್ ಕಬ್ಬಿಣದ ಆ ಯಂತ್ರವು, ಮೂರು ನ್ಯೂಟ್ರಿನೋಗಳಲ್ಲಿ ಯಾವುದು ಹಗುರ ಯಾವುದು ಭಾರವೆಂಬ ಕ್ರಮವನ್ನು ನಿರ್ಣಯಿಸಬೇಕಾಗಿತ್ತು. ಹುಲಿ ಆನೆಗಳ ನೆಲೆಗೆ ಬಾಧಕವೆಂದು ಕೇಂದ್ರದ ಪರಿಸರ ಮಂತ್ರಾಲಯವು ೨೦೦೯ರಲ್ಲಿ ಅನುಮತಿಯನ್ನು ಕೊಡಲಿಲ್ಲ. ಬಳಿಕ ತೇಣಿ ಜಿಲ್ಲೆಯ ಬೋಡಿ ಬೆಟ್ಟಗಳನ್ನು ಆರಿಸಿ, ೨೦೧೫ರಲ್ಲಿ ಸರಕಾರದ ಒಪ್ಪಿಗೆಯೂ ದೊರೆಯಿತು. ಆದರೆ ಆಕ್ಷೇಪಗಳೂ ವ್ಯಾಜ್ಯಗಳೂ ಬಂದು, ವೀಕ್ಷಣಾಲಯವು ಕಟ್ಟಲ್ಪಡಲಿಲ್ಲ. ಚೀನದ ಜೂನೋ ಎಂಬ ಪ್ರಯೋಗವು ಇದೇ ಕ್ರಮವನ್ನು ನಿರ್ಣಯಿಸಲು ೨೦೨೫ರ ಆಗಸ್ಟಿನಿಂದ ಅಳತೆಗೆ ತೊಡಗಿದೆ.

ಕಾಡನ್ನು ಉಳಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಬಂಡೀಪುರದ ನೆರೆಯಲ್ಲಿ ಬಾಳುವವರು ಹಾಗೆ ಹೇಳಲಾರರು. ಇಲ್ಲಿ ಗಮನಿಸಬೇಕಾದುದು ಬೇರೊಂದು. ನ್ಯೂಟ್ರಿನೋಗಳ ಭಾರಕ್ರಮವನ್ನು ಕುರಿತು ಕೆಲವು ಮಾದರಿಗಳು ಈಗಾಗಲೇ ಒಂದು ಪಕ್ಷವನ್ನು ಹಿಡಿದು ನಿಂತಿವೆ. ಕೆಲವು ಎರಡಕ್ಕೂ ಹೊಂದಿಕೊಳ್ಳುವಂತೆ ರಚಿತವಾಗಿವೆ. ಉತ್ತರವು ಬರುವ ಮೊದಲೇ ಯಾವುದು ಏನು ಹೇಳಿತೆಂದು ಬರೆದಿಟ್ಟುಕೊಳ್ಳಬೇಕು. ಉತ್ತರವು ಬಂದ ಮೇಲೆ ಎಲ್ಲ ಮಾದರಿಗಳೂ ಅದನ್ನು ವಿವರಿಸುವುವು. ಆಗ ವಿಧಿ ಯಾವುದು ಅನುವಾದ ಯಾವುದೆಂದು ಬಿಡಿಸುವುದು ಕಷ್ಟವಾಗುವುದು.

೮

ಇಷ್ಟರಿಂದ ನಮ್ಮ ಭಾಷೆಗೂ ಅಧ್ಯಾಪನಕ್ಕೂ ಸಲ್ಲುವ ಮಾತನ್ನು ಹೇಳಿ ಮುಗಿಸುತ್ತೇನೆ. ‘ವಿವರಿಸುತ್ತದೆ’ ಎಂಬ ಒಂದೇ ಕ್ರಿಯಾಪದವನ್ನು ನಾವು ಮೂರು ಬೇರೆ ಕೆಲಸಗಳಿಗೆ ಬಳಸುತ್ತಿದ್ದೇವೆ. ತಿಳಿದ ಸಂಖ್ಯೆಯನ್ನು ಬೇರೆ ಹೆಸರಿನಿಂದ ಹೇಳುವ ಕಡೆಯಲ್ಲಿ ‘ಅನುವದಿಸುತ್ತದೆ’ ಎನ್ನೋಣ. ಹಲವು ಸಂಖ್ಯೆಗಳನ್ನು ಕೆಲವಕ್ಕೆ ಇಳಿಸುವ ಕಡೆಯಲ್ಲಿ ‘ಸಂಕ್ಷೇಪಿಸುತ್ತದೆ’ ಎನ್ನೋಣ. ಅಳತೆಗೆ ಮುಂಚೆಯೇ ಸುಳ್ಳಾಗಬಲ್ಲ ಮಾತನ್ನು ಆಡುವ ಕಡೆಯಲ್ಲಿ ಮಾತ್ರ ‘ವಿಧಿಸುತ್ತದೆ’ ಎನ್ನೋಣ. ಈ ಶಬ್ದಗಳೇ ಆಗಬೇಕೆಂಬ ಹಟವು ನನಗಿಲ್ಲ. ಭೇದವು ಉಳಿಯಬೇಕೆಂಬುದೇ ಪ್ರಾರ್ಥನೆ. ವಿಜ್ಞಾನದ ಪಾಠವನ್ನು ಸಾಹಿತ್ಯದ ಅಧ್ಯಾಪಕರು ಹೇಳಬೇಕಾಗಿ ಬಂದಾಗ, ಗಣಿತವನ್ನು ಕಲಿಸಲಾರೆವೆಂದು ಅಧೈರ್ಯಪಡಬೇಕಾದುದಿಲ್ಲ. ಈ ವಾಕ್ಯವು ಯಾವುದರಿಂದ ಸುಳ್ಳಾದೀತು ಎಂದು ಕೇಳಲು ಕಲಿಸಿದರೆ ಸಾಕು.

ಮಿತ್ರರ ವಾಕ್ಯವನ್ನು ಹೀಗೆ ತಿದ್ದಿ ಗುಂಡ್ಲುಪೇಟೆಗೆ ಕಳುಹಿಸಿಕೊಟ್ಟಿದ್ದೇನೆ: ಹಿಗ್ಸ್ ಕ್ಷೇತ್ರದ ಸಂಬಂಧದಿಂದ ಕೆಲವು ಮೂಲಕಣಗಳು ದ್ರವ್ಯರಾಶಿಯನ್ನು ಪಡೆಯುವುವೆಂಬುದು ಪ್ರಯೋಗದಿಂದ ಸಿದ್ಧವಾಗಿದೆ, ಯಾವ ಕಣಕ್ಕೆ ಎಷ್ಟು ಎಂಬುದನ್ನು ಸಿದ್ಧಾಂತವು ಅಳತೆಯಿಂದ ತೆಗೆದುಕೊಳ್ಳುವುದು, ಅದಕ್ಕೆ ಕಾರಣವನ್ನು ಇನ್ನೂ ಹುಡುಕುತ್ತಿರುವರು. ಮೊದಲಿನ ವಾಕ್ಯದಷ್ಟು ಸೊಗಸು ಇದರಲ್ಲಿಲ್ಲ. ಆದರೆ ಆ ಹುಡುಗಿಯ ಪ್ರಶ್ನೆಗೆ ಇದರಲ್ಲಿ ಸ್ಥಳವಿದೆ; ಮೊದಲಿನದರಲ್ಲಿ ಇರಲಿಲ್ಲ. ತಪ್ಪಿದ್ದರೆ ಬಲ್ಲವರು ತಿದ್ದಬೇಕು.